ಆಟಿಕೆಗೆ ತಾರೀಖು ಇರುವುದಿಲ್ಲ

ಭಾರತದ ಕಸ್ಟಮ್ಸ್ ಸುಂಕದ ಪುಸ್ತಕದಲ್ಲಿ 9503 ಎಂಬ ಒಂದು ಸಾಲಿದೆ. ಮೂರು ಗಾಲಿಯ ಸೈಕಲ್ಲು, ಮಕ್ಕಳ ಸ್ಕೂಟರು, ಪೆಡಲ್ ಕಾರು, ಗೊಂಬೆ, ಗೊಂಬೆಯನ್ನು ತಳ್ಳುವ ಗಾಡಿ, ಇತರ ಆಟಿಕೆ, ಅಳತೆಗೆ ಕಿರಿದುಮಾಡಿದ ಮಾದರಿ, ಬಗೆಬಗೆಯ ಪಜಲ್ಲು, ಎಲ್ಲವೂ ಆ ಸಾಲಿನಲ್ಲಿ ಒತ್ತೊತ್ತಾಗಿ ಕೂತಿವೆ. 2020ರ ಬಜೆಟ್ಟು ಈ ಸಾಲಿನ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೆ ಏರಿಸಿತು. 2023ರಲ್ಲಿ ಅದು 70 ಆಯಿತು. ನಡುವೆ, 2021ರ ಜನವರಿಯಿಂದ, ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ಬಾಯಿಗಿಟ್ಟರೆ ಮಗುವಿನ ಜೀವಕ್ಕೆ ಕುತ್ತಾಗುವ ಅಗ್ಗದ ಸಾಮಾನು ದೇಶಕ್ಕೆ ಬರಬಾರದು, ಇಲ್ಲಿಯ ಆಟಿಕೆ ಕೈಗಾರಿಕೆ ಚಿಗುರಬೇಕು ಎಂಬ ಉದ್ದೇಶಕ್ಕೆ ಯಾರು ತಕರಾರು ತೆಗೆದಾರು? ನಾನೂ ತೆಗೆಯುವುದಿಲ್ಲ. ಆದರೆ ಆ ಬಲೆಗೆ ಬಿದ್ದವರಲ್ಲಿ ಮುಂಬಯಿ ಹೊರವಲಯದ ಡೊಂಬಿವಲಿಯ ಒಂದೂವರೆ ಖೋಲಿಯ ಮನೆಯಲ್ಲಿ ಊಟದ ಮೇಜಿನ ಅರ್ಧ ಹಿಡಿದುಕೊಂಡು, 1965ರ ಯುದ್ಧ ಕಂಡ ನ್ಯಾಟ್ ವಿಮಾನವನ್ನು 72ರಲ್ಲೊಂದರ ಅಳತೆಯಲ್ಲಿ ಕಟ್ಟುತ್ತಿರುವ ನಡುವಯಸ್ಸಿನ ಬ್ಯಾಂಕ್ ಗುಮಾಸ್ತನೂ ಇದ್ದಾನೆ. ಅವನು ಅದನ್ನು ಬಾಯಿಗಿಡುವ ಸಂಭವ ಕಡಿಮೆ.

ಸರ್ಕಾರವನ್ನಷ್ಟೇ ಬೈದು ಸುಮ್ಮನಾಗುವಂತಿಲ್ಲ. ಅದು ಬರೆದಿಟ್ಟದ್ದು ಊರೇ ಆಡುವ ಮಾತನ್ನು. ಠಾಣೆಯಿಂದ ಕಲ್ಯಾಣದವರೆಗೆ, ಇತ್ತ ಐರೋಲಿಯಿಂದ ಖಾರ್‌ಘರ್‌ವರೆಗೆ, ಯಾವ ಸೊಸೈಟಿಯ ಲಿಫ್ಟಿನಲ್ಲಾದರೂ ವಿಮಾನದ ಚಿತ್ರವಿರುವ ಡಬ್ಬಿ ಹಿಡಿದು ನಿಲ್ಲಿ, ಪ್ರಶ್ನೆ ಒಂದೇ: ಮಗನಿಗಾ? ಅಲ್ಲ ನನಗೇ ಎಂದರೆ ಒಂದು ನಗು, ಆಮೇಲೆ ಎರಡು ಮಹಡಿ ಮೌನ. ಮರಾಠಿ ನೆರೆಯವರು 'ಖೇಳಣಿ' ಎನ್ನುತ್ತಾರೆ, ನಮ್ಮವರು 'ಮಕ್ಕಳಾಟ' ಎನ್ನುತ್ತಾರೆ, ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಂತ ಹಿರಿಯರು ಸ್ವಲ್ಪ ಮೆತ್ತಗೆ, 'ರಿಟೈರ್ ಆದ ಮೇಲೆ ಮಾಡೋದನ್ನ ಈಗಲೇ ಶುರು ಹಚ್ಚಿದ್ದೀಯ' ಎನ್ನುತ್ತಾರೆ. ಮಾತಿನ ಬಿಸಿ ಬೇರೆ ಬೇರೆ, ತೀರ್ಪು ಒಂದೇ. ಪ್ಲಾಸ್ಟಿಕ್ ವಿಮಾನದ ಮಾದರಿ ಕಟ್ಟಿ ಬಣ್ಣ ಬಳಿಯುವುದು ಆಟ, ಆ ವಸ್ತು ಆಟಿಕೆ, ಅದರಲ್ಲಿ ಮುಳುಗಿದ ಬೆಳೆದ ಗಂಡಸೋ ಹೆಂಗಸೋ ಇನ್ನೂ ಪೂರ್ತಿ ಬೆಳೆದಿಲ್ಲ.

ಈ ತೀರ್ಪು ತಪ್ಪು. ಯಾರಿಗೋ ನೋವಾಗುತ್ತದೆ ಎಂದು ಹೀಗೆ ಹೇಳುತ್ತಿಲ್ಲ, ಮಾಡೆಲರುಗಳ ಚರ್ಮ ಸಾಕಷ್ಟು ದಪ್ಪ. ಆಟಿಕೆ ಯಾವುದು, ಮಾದರಿ ಯಾವುದು ಎಂಬ ಸರಳ ವ್ಯತ್ಯಾಸವೇ ಈ ತೀರ್ಪಿನಲ್ಲಿ ಅಳಿಸಿಹೋಗಿದೆ. ಆಟಿಕೆ ತಪ್ಪಾಗಲಾರದು. ಮಗುವಿನ ಕೈಯ ವಿಮಾನಕ್ಕೆ ರೆಕ್ಕೆ ನಾಲ್ಕಿರಲಿ, ಬಣ್ಣ ಗುಲಾಬಿಯಿರಲಿ, ಅದು ಹಾರುತ್ತದೆ, ಮಗು ಹಾರಿಸುತ್ತದೆ, ಅಲ್ಲಿಗೆ ಅದರ ಕೆಲಸ ಪೂರ್ಣ. ಮಾದರಿ ಹಾಗಲ್ಲ, ಅದಕ್ಕೆ ಹೊರಗೊಂದು ಸಾಕ್ಷಿಯಿದೆ. ಒಂದು ನಿಜವಾದ ವಿಮಾನ, ಅದರ ಸೀರಿಯಲ್ ಸಂಖ್ಯೆ, ಅದು ನಿಂತಿದ್ದ ಊರು, ಆ ದಿನದ ತಾರೀಖು. ಆ ಸಾಕ್ಷಿಯ ಮುಂದೆ ಮಾದರಿ ಸುಳ್ಳಾಗಬಹುದು, ಆಗುತ್ತದೆ ಕೂಡ. ಏರ್‌ಫಿಕ್ಸ್ ಕಂಪನಿ 1953ರಲ್ಲಿ ತನ್ನ ಮೊದಲ ವಿಮಾನದ ಕಿಟ್ಟಾಗಿ ಸ್ಪಿಟ್‌ಫೈರ್ ತಂದಾಗ ಅದರ ಆಕಾರ ಸರಿಯಿಲ್ಲವೆಂದು ಇಂಗ್ಲೆಂಡಿನ ಹವ್ಯಾಸಿಗಳು ತಿರುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಕಂಪನಿ ಬೇರೆ ಅಚ್ಚು ಕೆತ್ತಿಸಬೇಕಾಯಿತು. ಪೆಡಲ್ ಕಾರಿನ ಮೂತಿ ನಿಜವಾದ ಕಾರಿನಂತಿಲ್ಲ ಎಂದು ದೂರು ಕೊಟ್ಟ ಗಿರಾಕಿ ಇದ್ದಾನೆಯೇ?

ಇನ್ನು ನಮ್ಮ ಊರಿನ ಕಪಟವನ್ನು ನೋಡೋಣ. ಅಳತೆಗೆ ಕಿರಿದುಮಾಡಿದ ಮಾದರಿಯೆಂದರೆ ಇಲ್ಲಿಯ ಜನಕ್ಕೆ ನಗೆಯೇ? ಹಾಗಾದರೆ ಘೋಡ್‌ಬಂದರ್ ರಸ್ತೆಯಲ್ಲಿ, ಖಾರ್‌ಘರ್‌ನಲ್ಲಿ, ಕಲ್ಯಾಣ-ಶಿಳ್ ರಸ್ತೆಯಲ್ಲಿ ಯಾವುದೇ ಬಿಲ್ಡರನ ಮಾರಾಟ ಕಚೇರಿಗೆ ಹೋಗಿ. ಒಳಗೆ ಕಾಲಿಟ್ಟೊಡನೆ ಗಾಜಿನ ಪೆಟ್ಟಿಗೆ. ಅದರಲ್ಲಿ ಇನ್ನೂ ಕಟ್ಟದ ಮೂವತ್ತು ಮಹಡಿ, ಸ್ಪಂಜಿನ ಮರ, ನೀಲಿ ರೆಸಿನ್ನಿನ ಈಜುಕೊಳ, ಕಡ್ಡಿಗಾತ್ರದ ಜನ. ಮೂವತ್ತು ವರ್ಷದ ಸಾಲ ತೆಗೆಯಲು ಬಂದ ದಂಪತಿ ಅದರ ಮುಂದೆ ಬಗ್ಗಿ, ನಮ್ಮ ಬಾಲ್ಕನಿ ಯಾವುದು ಎಂದು ಭಕ್ತಿಯಿಂದ ಬೆರಳು ತೋರಿಸುತ್ತಾರೆ. ಆ ಮರಗಳು ಮುಂದೆ ಪಾರ್ಕಿಂಗ್ ಆಗುತ್ತವೆ, ಈಜುಕೊಳ ಮೂರನೆಯ ಹಂತಕ್ಕೆ ಹೋಗಿ ಅಲ್ಲಿಯೇ ಉಳಿಯುತ್ತದೆ. ಸುಳ್ಳು ಹೇಳುವ ಮಾದರಿಯ ಮುಂದೆ ಕೈಕಟ್ಟಿ ನಿಲ್ಲುವ ನಾವು, ಒಂದು ಮೊಳೆಯ ಸಾಲು ಅರ್ಧ ಮಿಲಿಮೀಟರ್ ಆಚೆ ಹೋಯಿತೆಂದು ಕೆರೆದು ತೆಗೆದು ಮತ್ತೆ ಮಾಡುವವನನ್ನು ನೋಡಿ ನಗುತ್ತೇವೆ. ಅಂದಹಾಗೆ ನವಿ ಮುಂಬಯಿ ಎಂಬ ಊರೇ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ 1960ರ ದಶಕದಲ್ಲಿ ಕಾಗದದ ಮೇಲೆ ಮೂಡಿಸಿದ ಒಂದು ಕಲ್ಪನೆ. 1970ರಲ್ಲಿ ಊರು ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿದ ಮೇಲೆ ಅದು ನೆಲಕ್ಕಿಳಿಯಿತು. ನಕ್ಷೆಯಿಂದ ಎದ್ದ ಊರಿನಲ್ಲಿ ಕೂತು ಮಾದರಿಯನ್ನು ಹೀಗಳೆಯುವುದಕ್ಕೆ ಸ್ವಲ್ಪ ಮರೆವೂ ಬೇಕು.

ಬಿಲ್ಡರನ ಮಾತು ಬಿಡಿ, ಅದು ವ್ಯಾಪಾರ. ದೀಪಾವಳಿಗೆ ಬನ್ನಿ. ಈ ಭಾಗದ ಸೊಸೈಟಿಗಳ ಅಂಗಳದಲ್ಲಿ, ಚಾಳುಗಳ ಮೂಲೆಯಲ್ಲಿ ಮಕ್ಕಳು 'ಕಿಲ್ಲಾ' ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ ಪೇರಿಸಿ, ಗೋಣಿತಟ್ಟು ಹೊದಿಸಿ, ಕೆಮ್ಮಣ್ಣು ಮೆತ್ತಿ, ಹುಲ್ಲಿನ ಬದಲು ಅಳಿವಿಯ ಬೀಜ ಚೆಲ್ಲಿ ಚಿಗುರಿಸಿ, ಮೇಲೆ ಮಣ್ಣಿನ ಮಾವಳಿ ಸೈನಿಕರನ್ನೂ ಸಿಂಹಾಸನದ ಶಿವಾಜಿಯನ್ನೂ ಕೂರಿಸುತ್ತಾರೆ. ನಮ್ಮ ಕನ್ನಡದ ಮಕ್ಕಳೂ ಮೊಣಕೈವರೆಗೆ ಕೆಸರು ಮಾಡಿಕೊಳ್ಳುತ್ತವೆ, ನೋಡಲು ಹಬ್ಬ. ಸ್ಪರ್ಧೆಗಳಿವೆ, ತೀರ್ಪುಗಾರರಿದ್ದಾರೆ, ರಾಯಗಡದ ಮಹಾದ್ವಾರ ಎಲ್ಲಿ ತಿರುಗಬೇಕು, ಸಿಂಧುದುರ್ಗದ ಗೋಡೆ ಹೇಗೆ ಬಳುಕಬೇಕು ಎಂದು ದೊಡ್ಡವರೇ ಬಂದು ತಿದ್ದುತ್ತಾರೆ. 2025ರ ಜುಲೈನಲ್ಲಿ ಯುನೆಸ್ಕೊ ಮರಾಠಾ ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅವುಗಳ ಹೆಸರು ಬಾಯಿಪಾಠವಿದ್ದ ಎಷ್ಟೋ ಮಂದಿ ಅದನ್ನು ಕಲಿತದ್ದು ಶಾಲೆಯ ಪುಸ್ತಕದಿಂದಲ್ಲ, ಈ ಕೆಸರಿನಿಂದ. ಇದನ್ನು ಯಾರೂ ಆಟಿಕೆ ಎನ್ನುವುದಿಲ್ಲ, ಸಂಸ್ಕೃತಿ ಎನ್ನುತ್ತಾರೆ, ಸರಿಯಾಗಿಯೇ ಎನ್ನುತ್ತಾರೆ. ಕೋಟೆಯ ಜಾಗದಲ್ಲಿ ವಿಮಾನ ಬಂದು, ಮಣ್ಣಿನ ಜಾಗದಲ್ಲಿ ಪಾಲಿಸ್ಟೈರಿನ್ ಬಂದ ಕೂಡಲೇ ಅದೇ ಕೆಲಸ ಹೇಗೆ ಹುಡುಗಾಟಿಕೆಯಾಯಿತು? ಹದಿನೇಳನೆಯ ಶತಮಾನದ ಯುದ್ಧಯಂತ್ರ ಇತಿಹಾಸ, ಇಪ್ಪತ್ತನೆಯದರದ್ದು ಆಟ ಎಂಬ ಗೆರೆ ಎಳೆದವರು ಯಾರು?

ದೊಡ್ಡವರ ಕೈಯಲ್ಲಿ ಮಾದರಿ ಯಾವಾಗಲೂ ದೊಡ್ಡವರ ಕೆಲಸವನ್ನೇ ಮಾಡಿದೆ. 1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ಅಲ್ಲಿಯ ಪ್ರೌಢಶಾಲೆಗಳಿಂದ ಐದು ಲಕ್ಷ ಮರದ ವಿಮಾನ ಮಾದರಿಗಳನ್ನು ಕೇಳಿತು. ಐವತ್ತು ಬಗೆಯ ವಿಮಾನ, ಒಂದೊಂದರದೂ ಹತ್ತು ಸಾವಿರ, ಎಲ್ಲ 72ರಲ್ಲೊಂದರ ಅಳತೆ, ಮೈತುಂಬ ಕಪ್ಪು ಬಣ್ಣ. ಮೂವತ್ತೈದು ಅಡಿ ದೂರದಲ್ಲಿ ಹಿಡಿದರೆ ಅದು ಸುಮಾರು ಅರ್ಧ ಮೈಲಿ ದೂರದ ನಿಜ ವಿಮಾನದಷ್ಟೇ ಕಾಣುತ್ತದೆ. ಬಂದೂಕು ಹಿಡಿದವನು ಆ ನೆರಳನ್ನು ನೋಡಿ ನಮ್ಮದೋ ಶತ್ರುವಿನದೋ ಹೇಳಬೇಕು, ತಪ್ಪಿದರೆ ಸಾಯುವವನು ತನ್ನವನೇ. ರೆಕ್ಕೆಯ ಕೋನ ತಪ್ಪಿದ ಮಾದರಿಗಳನ್ನು ಪರೀಕ್ಷೆಯಲ್ಲೇ ತಿರಸ್ಕರಿಸುತ್ತಿದ್ದರು. ನಮ್ಮ ಬೆಂಗಳೂರಿನ ಕಥೆಯೂ ಇದೇ. ಎಚ್‌ಎಎಲ್‌ನಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡ ಮಾರುತ್ ಯುದ್ಧವಿಮಾನವನ್ನು ರೂಪಿಸುತ್ತಿದ್ದಾಗ ಮೊದಲು ಮಾಡಿದ್ದು ಅದರದೇ ಆಕಾರದ, ಅದರದೇ ಗಾತ್ರದ, ಎಂಜಿನ್ನಿಲ್ಲದ ಮರದ ಗ್ಲೈಡರ್. 1959ರಲ್ಲಿ ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದು ಮೇಲೇರಿಸಿ ಬಿಡುತ್ತಿತ್ತು. ನಿಜವಾದ ಮಾರುತ್ ಏರಿದ್ದು 1961ರ ಜೂನ್‌ನಲ್ಲಿ, ವಿಂಗ್ ಕಮಾಂಡರ್ ಸುರಂಜನ್ ದಾಸ್ ಕೈಯಲ್ಲಿ. ಅದಕ್ಕೂ ಮುಂಚೆ ಬೆಂಗಳೂರಿನ ಬಾನಿನಲ್ಲಿ ತೇಲಿದ್ದು ಒಂದು ಮಾದರಿ.

ಈಗ ಈ ಹವ್ಯಾಸದ ವಿರುದ್ಧ ಬರುವ ಹೆಚ್ಚು ಬುದ್ಧಿವಂತಿಕೆಯ ಮಾತಿಗೆ ಬರುತ್ತೇನೆ. ಸರಿ, ಮಾದರಿಗೆ ಗೌರವ ಕೊಡೋಣ, ಆದರೆ ನೀವು ಮಾಡುವುದೇನು? ಕಂಪನಿಯವರು ಅಚ್ಚಿನಲ್ಲಿ ತುಂಡುಗಳನ್ನು ಎರಕ ಹೊಯ್ದು ಕಳಿಸುತ್ತಾರೆ, ನೀವು ಸಂಖ್ಯೆ ನೋಡಿ ಅಂಟಿಸುತ್ತೀರಿ. ಇದರಲ್ಲಿ ಸೃಷ್ಟಿ ಎಲ್ಲಿದೆ? ಹೀಗೆ ಕೇಳುವವರಲ್ಲಿ ಒಳ್ಳೆಯ ಚಿತ್ರಕಾರರೂ ಇದ್ದಾರೆ, ಅದಕ್ಕೇ ಉತ್ತರ ಕೊಡಬೇಕು. ತಾಳಮದ್ದಳೆಯಲ್ಲಿ ಪದ್ಯವನ್ನು ಅರ್ಥಧಾರಿ ಬರೆದಿರುವುದಿಲ್ಲ. ಪ್ರಸಂಗ ಮೊದಲೇ ಇದೆ, ಕರ್ಣ ಸಾಯುವುದೂ ಗೊತ್ತು. ಆದರೂ ಮುಂಬಯಿಯ ಸಭಾಂಗಣಗಳಲ್ಲಿ ರಾತ್ರಿಯೆಲ್ಲ ಕೂತು ಕೇಳುವ ನಮ್ಮ ತುಳು-ಕನ್ನಡದ ಜನಕ್ಕೆ ಒಬ್ಬನ ಕರ್ಣ ಇನ್ನೊಬ್ಬನ ಕರ್ಣನಲ್ಲ ಎಂಬುದು ಹೇಳಿಕೊಡಬೇಕಾದ ವಿಷಯವಲ್ಲ. ಕಿಟ್ಟು ಪ್ರಸಂಗದ ಪುಸ್ತಕ, ಅಷ್ಟೇ.

ಮತ್ತು ಆ 'ಸಂಖ್ಯೆ ನೋಡಿ ಅಂಟಿಸುವುದು' ಎಂಬ ಮಾತನ್ನು ಆಡುವವರು ಒಂದೇ ಒಂದು ಕಿಟ್ಟನ್ನು ತೆರೆದು ನೋಡಿದವರಲ್ಲ. ನ್ಯಾಟ್ ವಿಮಾನವನ್ನೇ ತೆಗೆದುಕೊಳ್ಳಿ. ಏರ್‌ಫಿಕ್ಸ್ ಮಾಡಿದ್ದು ಬ್ರಿಟಿಷರ ಎರಡು ಸೀಟಿನ ತರಬೇತಿ ನ್ಯಾಟ್. ನಮ್ಮ ವಾಯುಪಡೆ 1965ರಲ್ಲಿ ಹಾರಿಸಿದ್ದು ಒಂದೇ ಸೀಟಿನದು. ತರಬೇತಿ ವಿಮಾನದ ಮೈ ಉದ್ದ, ರೆಕ್ಕೆ ದೊಡ್ಡದು. ಹಾಗಾಗಿ ಭಾರತದ ನ್ಯಾಟ್ ಬೇಕಾದವನು ಸಣ್ಣ ಗರಗಸ ಹಿಡಿದು ಹೊಚ್ಚ ಹೊಸ ಕಿಟ್ಟಿನ ಮೂತಿಯನ್ನು ಕತ್ತರಿಸಿ, ನಡು ತೆಗೆದು, ರೆಕ್ಕೆ ಸವೆದು, ಬೇರೆ ಪ್ಲಾಸ್ಟಿಕ್ ಹಾಳೆಯಿಂದ ಬೆನ್ನು ಕಟ್ಟಿ, ಪುಟ್ಟಿ ತುಂಬಿ, ಉಜ್ಜಿ, ಗೆರೆಗಳನ್ನು ಮತ್ತೆ ಕೆತ್ತಬೇಕಾಗಿತ್ತು. ಚೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿ ಒಂಟಿ ಸೀಟಿನ ನ್ಯಾಟನ್ನೂ ಎಚ್‌ಎಎಲ್‌ನ ಅಜೀತನ್ನೂ ಹೊರತಂದದ್ದು ತೀರ ಈಚೆಗೆ. ಅಷ್ಟು ವರ್ಷ ಗರಗಸ ಹಿಡಿದವರು ಸಂಖ್ಯೆ ನೋಡಿ ಅಂಟಿಸುತ್ತಿರಲಿಲ್ಲ.

ಬಣ್ಣದ ಮಾತಂತೂ ಬೇರೆಯೇ. ಪುಸ್ತಕದಲ್ಲಿ ಓದಿ ಕಲಿಯಬಹುದಾದ ವಿದ್ಯೆ ಇದಲ್ಲ, ಊರಿನ ಗಾಳಿಯೊಂದಿಗೆ ಜಗಳವಾಡಿ ಕಲಿಯಬೇಕಾದದ್ದು. ಜುಲೈ ತಿಂಗಳ ಡೊಂಬಿವಲಿಯಲ್ಲಿ ಲ್ಯಾಕರ್ ಬಣ್ಣವನ್ನು ಏರ್‌ಬ್ರಶ್ಶಿನಲ್ಲಿ ಸಿಂಪಡಿಸಿ ನೋಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಕಡುಹಸಿರು ಬಳಿದ ರೆಕ್ಕೆಯ ಮೇಲೆ ಬೂದಿ ಬಳಿದಂಥ ಬಿಳುಪು ಏಳುತ್ತದೆ. ಮ್ಯಾಟ್ ವಾರ್ನಿಶ್ಶಿನದಂತೂ ಕೇಳಲೇಬೇಡಿ. ಆದ್ದರಿಂದ ಇಲ್ಲಿಯ ಅನುಭವಿಗಳು ಮಳೆಗಾಲದಲ್ಲಿ ಅಂಟು, ಪುಟ್ಟಿ, ಉಜ್ಜುವಿಕೆ ಮುಗಿಸಿ, ಬಣ್ಣವನ್ನು ದೀಪಾವಳಿಯ ಆಚೆಗೆ ಇಟ್ಟುಕೊಳ್ಳುತ್ತಾರೆ. ಆಟಿಕೆಗೆ ಪಂಚಾಂಗ ಬೇಕಾಗುವುದಿಲ್ಲ. ಕಾಕ್‌ಪಿಟ್ಟಿನ ಗಾಜಿಗೆ ಒಂದೊಂದು ಕಿಟಕಿಗೂ ಟೇಪ್ ಕತ್ತರಿಸಿ ಅಂಟಿಸುವುದು, ಗುರುತುಗಳ ಡಿಕಾಲ್ ಕೂರುವ ಮುಂಚೆ ಮೈಯನ್ನು ಹೊಳಪಾಗಿಸಿ, ಕೂತ ಮೇಲೆ ಮತ್ತೆ ಮಂಕಾಗಿಸುವುದು, ನಿಜವಾದ ವಿಮಾನದ ಬಣ್ಣವನ್ನೇ ಹಚ್ಚಿದರೆ ಅಂಗೈಯಗಲದ ಮಾದರಿಯಲ್ಲಿ ಅದು ಕಪ್ಪಾಗಿ ಕಾಣುವುದರಿಂದ ಎಷ್ಟು ಹನಿ ಬಿಳಿ ಬೆರೆಸಬೇಕೆಂದು ಕಣ್ಣಳತೆಯಲ್ಲೇ ತೀರ್ಮಾನಿಸುವುದು, ಇವೆಲ್ಲ ವರ್ಣಚಿತ್ರಕಾರನ ಚಿಂತೆಗಳು. ಕಾರ್ಖಾನೆಗಳ ಮಾಲಿನ್ಯದಿಂದ 2014ರಲ್ಲಿ ಹಸಿರು ಮಳೆ ಬಿದ್ದ, 2020ರಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿಯಾದ ಊರು ನಮ್ಮದು. ಬಣ್ಣದ ಬಗ್ಗೆ ಇಷ್ಟು ಎಚ್ಚರವಿರುವ ನಾಲ್ಕು ಜನ ಇಲ್ಲಿದ್ದರೆ ಊರಿಗೆ ನಷ್ಟವಂತೂ ಇಲ್ಲ.

ಆದರೆ ಕೈಚಳಕವನ್ನು ಹೊಗಳಿ ಈ ವಾದ ಗೆಲ್ಲುವ ಆಸೆ ನನಗಿಲ್ಲ. ನಿಜವಾದ ಕೆಲಸ ಮೇಜಿನ ಮೇಲಲ್ಲ, ಅದಕ್ಕೂ ಮುಂಚೆ ನಡೆಯುತ್ತದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಹಾರಿಸಿದ ಮಿಸ್ಟೇರ್ 4ಎ ವಿಮಾನದ ಮಾದರಿ ಕಟ್ಟಬೇಕೆಂದುಕೊಳ್ಳಿ. ಆದಂಪುರದಿಂದ ಸರ್ಗೋಧಾದ ಮೇಲೆ ದಾಳಿಗೆ ಹೊರಟ ತುಕಡಿಯಲ್ಲಿ ಅವರು ಮೀಸಲಿನವರಾಗಿದ್ದರು. ಒಬ್ಬರು ಹಿಂದುಳಿದಾಗ ಸೇರಿಕೊಂಡರು. ಅವರಿಗೆ ಎದುರಾದದ್ದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್. ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ಮಿಸ್ಟೇರ್, ಶಬ್ದದ ಎರಡರಷ್ಟು ವೇಗಕ್ಕೆ ಹೋಗಬಲ್ಲ ಸ್ಟಾರ್‌ಫೈಟರನ್ನು ಉರುಳಿಸಿತು. ಆ ಪೈಲಟ್ ಧುಮುಕಿ ಬದುಕಿದ, ದೇವಯ್ಯ ಹಿಂದಿರುಗಲಿಲ್ಲ. ನಮ್ಮ ಕಡೆ ಅವರು ಕಾಣೆಯಾದವರ ಪಟ್ಟಿಯಲ್ಲಿ ಉಳಿದರು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ ಆ ಕಾದಾಟದ ವಿವರ ಬಂತು. 1988ರಲ್ಲಿ, ಸತ್ತು ಇಪ್ಪತ್ಮೂರು ವರ್ಷಗಳ ಮೇಲೆ, ಮಹಾವೀರ ಚಕ್ರ ಬಂತು. ಜನಸಾಮಾನ್ಯರು ಅವರ ಹೆಸರು ಕೇಳಿದ್ದು 2025ರ 'ಸ್ಕೈ ಫೋರ್ಸ್' ಸಿನಿಮಾದ ನಂತರ.

ಸಿನಿಮಾ ನೋಡಿದವನು ಮೂರು ಗಂಟೆಯಲ್ಲಿ ಹೊರಗೆ ಬಂದು ಪಾಪ್‌ಕಾರ್ನ್ ಡಬ್ಬ ಬಿಸಾಡುತ್ತಾನೆ. ಮಾದರಿ ಕಟ್ಟುವವನು ಅಷ್ಟರಲ್ಲಿ ಮೊದಲ ಪ್ರಶ್ನೆಯನ್ನೇ ದಾಟಿರುವುದಿಲ್ಲ. ಆ ದಿನ ವಿಮಾನ ಬರಿಯ ಲೋಹದ ಬೆಳ್ಳಿ ಮೈಯಲ್ಲಿತ್ತೋ, ಯುದ್ಧದ ಅವಸರದ ಹಸಿರು ಬಳಿದಿತ್ತೋ? ಒಂದನೆಯ ಸ್ಕ್ವಾಡ್ರನ್ನಿನ ಗುರುತು ಎಲ್ಲಿತ್ತು? ರೆಕ್ಕೆಯ ಕೆಳಗೆ ಏನು ತೂಗುತ್ತಿತ್ತು, ಇಂಧನದ ಟ್ಯಾಂಕೋ ರಾಕೆಟ್ಟೋ? ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಹೋದವನಿಗೆ ಆದಂಪುರದಿಂದ ಸರ್ಗೋಧಾಕ್ಕೆ ಎಷ್ಟು ದೂರ, ಮಿಸ್ಟೇರ್ ಎಷ್ಟು ಇಂಧನ ಹೊರುತ್ತಿತ್ತು, ಶತ್ರುವಿನ ಜೊತೆ ಕಾದಾಡಿ ಅದನ್ನು ಸುಟ್ಟುಕೊಂಡವನಿಗೆ ಹಿಂದಿರುಗುವ ದಾರಿ ಎಷ್ಟು ಉಳಿದಿತ್ತು ಎಂಬ ಲೆಕ್ಕ ತಾನಾಗಿ ಎದುರಾಗುತ್ತದೆ. ಆ ಲೆಕ್ಕ ಮಾಡಿದವನಿಗೆ ದೇವಯ್ಯ ಏನು ಮಾಡಿದರೆಂಬುದು ಭಾಷಣವಿಲ್ಲದೆ ತಿಳಿಯುತ್ತದೆ. ಇದು ಆಟವಾದರೆ ಇತಿಹಾಸ ಸಂಶೋಧನೆಯನ್ನೂ ಪಗಡೆಯ ಪಕ್ಕಕ್ಕೆ ಇಡಿ.

ಇದೇ ಕುತೂಹಲ ಮನೆಯ ಹತ್ತಿರಕ್ಕೂ ತಿರುಗುತ್ತದೆ. ಎರಡನೆಯ ಮಹಾಯುದ್ಧದ ಯಾವುದಾದರೂ ವಿಮಾನದ ಮೇಲೆ ಆಗ್ನೇಯ ಏಷ್ಯಾ ರಣರಂಗದ ತಿಳಿನೀಲಿ-ಕಡುನೀಲಿ ಗುರುತು ಅಂಟಿಸುವ ಕಲ್ಯಾಣದ ಹುಡುಗನಿಗೆ ಗೊತ್ತಾಗುತ್ತದೆ: ತಾನು ದಿನಾ ದಾಟುವ ಉಲ್ಲಾಸನಗರ ಆ ಕಾಲದ ಕಲ್ಯಾಣ್ ಕ್ಯಾಂಪ್, ಸೈನಿಕರ ತಂಗುದಾಣ. ಹಾಜಿ ಮಲಂಗ್ ಕಡೆಯ ನೇವಾಳಿಯಲ್ಲಿ ಯುದ್ಧಕ್ಕಾಗಿ ರೈತರ ಜಮೀನು ಹಿಡಿದು ಮಾಡಿದ ರನ್‌ವೇ ಇತ್ತು. 2017ರ ಜೂನ್‌ನಲ್ಲಿ ಆ ನೆಲಕ್ಕಾಗಿ ರೈತರು ಬೀದಿಗಿಳಿದಾಗ ಟಿವಿ ನೋಡುತ್ತಿದ್ದ ಬಹಳ ಮಂದಿಗೆ ಅಲ್ಲೊಂದು ವಿಮಾನ ನಿಲ್ದಾಣವಿತ್ತೆಂಬುದೇ ಹೊಸ ಸುದ್ದಿ. ಮಾಡೆಲರಿಗೆ ಅಲ್ಲ.

ನನಗೆ ಸುಲಭವಾಗಿ ತಳ್ಳಿಹಾಕಲಾಗದ ಆಕ್ಷೇಪ ಒಂದಿದೆ. ಈ ಹವ್ಯಾಸದ ಕಪಾಟುಗಳಲ್ಲಿ ಬಹುಪಾಲು ಯುದ್ಧವಿಮಾನಗಳೇ. ಕೊಲ್ಲುವ ಯಂತ್ರಗಳನ್ನು ಮುದ್ದಾಗಿ ಮಾಡಿ ಷೋಕೇಸಿನಲ್ಲಿ ಇಡುವುದು ಯುದ್ಧಕ್ಕೆ ಹೂ ಮುಡಿಸಿದಂತಲ್ಲವೇ ಎಂದು ಕೇಳುತ್ತಾರೆ. ಕೇಳಬೇಕಾದ್ದೇ. ಮುದ್ದು ಮಾಡುವವರೂ ಇದ್ದಾರೆ, ಜರ್ಮನಿಯ ವಿಮಾನಗಳ ಬಾಲದ ಸ್ವಸ್ತಿಕದ ಅಳತೆ ಗೊತ್ತಿದ್ದು ಅದರ ಅರ್ಥ ಗೊತ್ತಿಲ್ಲದವರೂ ಇದ್ದಾರೆ. ಆದರೆ ಯುದ್ಧವನ್ನು ಆಟವಾಗಿಸುವುದು ಯಾವುದು? ಮೊಬೈಲಿನಲ್ಲಿ ಗುಂಡು ಹಾರಿಸಿ ಸತ್ತವನು ಮರುಕ್ಷಣ ಎದ್ದು ಓಡುವ ಆಟವೇ? ಬಿಐಎಸ್ ಗುರುತು ಹೊತ್ತು ಸುಂಕದ ತಂಟೆಯಿಲ್ಲದೆ ಅಂಗಡಿಗೆ ಬರುವ, ಯಾವ ದೇಶದ್ದೂ ಅಲ್ಲದ, ಯಾರನ್ನೂ ಕೊಲ್ಲದ ನಿಯಾನ್ ಬಣ್ಣದ ಮೆಷಿನ್‌ಗನ್ನೇ? ಅಥವಾ ಈ ಸೀರಿಯಲ್ ಸಂಖ್ಯೆಯ ವಿಮಾನ ಈ ದಿನ ಹೋಯಿತು, ಬರಲಿಲ್ಲ ಎಂದು ಗೊತ್ತಿದ್ದು ಆ ಸಂಖ್ಯೆಯನ್ನು ಚಿಮಟಿಗೆಯಲ್ಲಿ ಹಿಡಿದು ಕೂರಿಸುವ ಕೆಲಸವೇ? 72ರಲ್ಲೊಂದರ ಅಳತೆಯಲ್ಲಿ ಆರಡಿ ಆಳು ಒಂದು ಇಂಚು. ಆ ಇಂಚಿನ ಮನುಷ್ಯನನ್ನು ಕಾಕ್‌ಪಿಟ್ಟಿನಲ್ಲಿ ಕೂರಿಸಿದಾಗ ಅವನ ಸುತ್ತ ಎಷ್ಟು ಇಕ್ಕಟ್ಟು, ಅವನ ಬೆನ್ನಿಗೇ ಎಷ್ಟು ಇಂಧನ ಎಂದು ಕಾಣುತ್ತದೆ. ವೀರಗಾಥೆಗಳು ಅದನ್ನು ತೋರಿಸುವುದಿಲ್ಲ. ಇನ್ನು ನಾಗರಿಕ ವಿಮಾನಗಳೇ ಬೇಕೆಂದರೆ ಯಾರೂ ತಡೆದಿಲ್ಲ. 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಟಾಟಾ ಕರಾಚಿಯಿಂದ ಟಪಾಲು ತಂದು ಜುಹುವಿನಲ್ಲಿ ಇಳಿಸಿದ ಪುಸ್ ಮಾತ್ ವಿಮಾನದ ಕಿಟ್ಟು ಇದೆ. ಅಲ್ಲಿಂದ ಮುಂದೆ ಪೈಲಟ್ ನೆವಿಲ್ ವಿನ್ಸೆಂಟ್ ಅದೇ ಟಪಾಲನ್ನು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಕಟ್ಟಿ, ಚೆನ್ನಾಗಿರುತ್ತದೆ.

ಇನ್ನೊಂದು ಕಡೆಯಿಂದಲೂ ನನಗೆ ಸಿಟ್ಟಿದೆ: ಈ ಹವ್ಯಾಸದ ಹಿತೈಷಿಗಳ ಮೇಲೆ. ಏಕಾಗ್ರತೆ ಹೆಚ್ಚುತ್ತದೆ, ಬೆರಳು ಚುರುಕಾಗುತ್ತವೆ, ಮಗು ಮೊಬೈಲು ಬಿಡುತ್ತದೆ, ಮುಂದೆ ಏರೋನಾಟಿಕಲ್ ಎಂಜಿನಿಯರಿಂಗ್‌ಗೆ ಸೀಟು ಸಿಗುತ್ತದೆ ಎಂದು ಅವರು ಪಾಲಕರಿಗೆ ಮಾರುತ್ತಾರೆ. ಕೋಚಿಂಗ್ ಕ್ಲಾಸಿನ ಕರಪತ್ರದ ಭಾಷೆ. ಇದೂ ಅದನ್ನು ಆಟಿಕೆಯೆಂದೇ ಒಪ್ಪಿಕೊಂಡು, 'ಶೈಕ್ಷಣಿಕ' ಎಂಬ ಚೀಟಿ ಅಂಟಿಸುವುದು. ಕವಿತೆ ಓದಿದರೆ ಶಬ್ದಸಂಪತ್ತು ಬೆಳೆಯುತ್ತದೆ ಎಂದು ಕವಿತೆಯ ಪರ ವಾದಿಸುವವನನ್ನು ಕವಿತೆಯ ಗೆಳೆಯನೆನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಹಿರಿಯರ ಮಾತನ್ನು ಮಾತ್ರ ನಾನು ಬೇರೆ ಧಾಟಿಯಲ್ಲಿ ಎದುರಿಸುತ್ತೇನೆ. ಕರಾವಳಿಯಿಂದ ಬರಿಗೈಯಲ್ಲಿ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಆಮೇಲೆ ಡೊಂಬಿವಲಿಯಂಥ ಕಡೆ ಖೋಲಿ ಹಿಡಿದು, ಕರ್ನಾಟಕ ಸಂಘ ಕಟ್ಟಿ, ಮಂಜುನಾಥ ವಿದ್ಯಾಲಯದಂಥ ಶಾಲೆ ನಡೆಸಿದ ತಲೆಮಾರು ಅದು. ಅವರಿಗೆ ಬಾಲ್ಯದಲ್ಲಿ ಆಟಿಕೆಯೂ ಇರಲಿಲ್ಲ, ಬಿಡುವೂ ಇರಲಿಲ್ಲ. ಬಿಡುವಿನ ಸಮಯದಲ್ಲಿ ದುಡ್ಡು ಕೊಟ್ಟು ಕಷ್ಟಪಡುವುದು ಅವರಿಗೆ ಅರ್ಥವಾಗದಿದ್ದರೆ ಅದು ನ್ಯಾಯವೇ. ಆದರೆ ಅದೇ ಹಿರಿಯರು ಹನ್ನೆರಡು ತಾಸು ದುಡಿದು ಬಂದು ಚಾಳಿನ ಮೂಲೆಯಲ್ಲಿ ಯಕ್ಷಗಾನದ ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದರು, ಕೇದಗೆ ಮುಂದಲೆಯ ಅಳತೆ ಒಂದು ಬೆರಳು ತಪ್ಪಿದರೆ ಬಿಚ್ಚಿ ಕಟ್ಟುತ್ತಿದ್ದರು. ಏನು ಲಾಭ ಎಂದು ಅಂದು ಕೇಳಿದವನಿಗೆ ಅವರು ಕೊಟ್ಟ ಉತ್ತರವನ್ನೇ ನಾನೂ ಕೊಡುತ್ತೇನೆ. ಆ ಉತ್ತರ ಸಾಮಾನ್ಯವಾಗಿ ಅಚ್ಚಿಗೆ ಯೋಗ್ಯವಾಗಿರುತ್ತಿರಲಿಲ್ಲ.

ದುಬಾರಿ ಎಂಬ ಮಾತಿಗೂ ಒಂದು ಸಾಲು. ಹೌದು, ದುಬಾರಿ. ಆಟಿಕೆಯೆಂದು ಕರೆದವರೇ ಅದನ್ನು ದುಬಾರಿ ಮಾಡಿದರು.

ಆ ದುಬಾರಿಯ ಒಳಗೆ ನೋಡಿದರೆ ನಗು ಬರುತ್ತದೆ. ಈ ಕಿಟ್ಟುಗಳೆಲ್ಲ ಪಾಲಿಸ್ಟೈರಿನ್. ದೇಶದ ಅತಿ ದೊಡ್ಡ ಪಾಲಿಸ್ಟೈರಿನ್ ಕಾರ್ಖಾನೆ ಪನ್ವೇಲ್ ದಾಟಿ ಪೇಣದ ಆಚೆ, ರಾಯಗಡ ಜಿಲ್ಲೆಯ ನಾಗೋಠಣೆಯಲ್ಲಿದೆ. ಉಕ್ಕಿನ ಅಚ್ಚು ಕೆತ್ತುವ, ಇಂಜೆಕ್ಷನ್ ಮೋಲ್ಡಿಂಗ್ ಮಾಡುವ ಕೈಗಳು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿವೆ, ಬಾಟಲಿಯ ಮುಚ್ಚಳ, ಸ್ವಿಚ್ಚಿನ ಡಬ್ಬಿ ಮಾಡುತ್ತಿವೆ. ಏರ್‌ಫಿಕ್ಸ್‌ನ ಕಿಟ್ಟುಗಳೇ 2010ರ ದಶಕದಲ್ಲಿ ಭಾರತದಲ್ಲಿ ತಯಾರಾಗಿ, ಡಬ್ಬಿಯ ಮೇಲೆ 'ಮೇಡ್ ಇನ್ ಇಂಡಿಯಾ' ಹೊತ್ತು ಇಂಗ್ಲೆಂಡಿಗೆ ಹೋದವು. ಅಂಥದೊಂದು ಡಬ್ಬಿಯನ್ನು ಅಲ್ಲಿಂದ ತರಿಸಿಕೊಂಡವನು ತನ್ನ ದೇಶದಲ್ಲೇ ಎರಕ ಹೊಯ್ದ ತುಂಡಿಗೆ ಆಮದು ಸುಂಕ ಕಟ್ಟಬೇಕು. ಇಲ್ಲಿ ಇಲ್ಲದ್ದು ಪ್ಲಾಸ್ಟಿಕ್ಕಲ್ಲ, ಯಂತ್ರವಲ್ಲ, ಕುಶಲತೆಯೂ ಅಲ್ಲ. ಇದು ದೊಡ್ಡವರು ಕೊಳ್ಳುವ, ದೊಡ್ಡವರಿಗಾಗಿ ಮಾಡಬಹುದಾದ ವಸ್ತು ಎಂದು ನಂಬುವ ಒಬ್ಬ ಉದ್ಯಮಿ ಇಲ್ಲ.

ಪರಿಣಾಮ ನೋಡಿ. ಕುರ್ಟ್ ಟ್ಯಾಂಕ್ ಜರ್ಮನಿಯಲ್ಲಿ ರೂಪಿಸಿದ ಫೋಕೆವುಲ್ಫ್ 190 ವಿಮಾನವನ್ನು ತಮಿಯಾ, ಹಸೆಗಾವಾ, ರೆವೆಲ್, ಏರ್‌ಫಿಕ್ಸ್ ಎಲ್ಲರೂ ಮಾಡಿದ್ದಾರೆ, ಹಲವು ಅಳತೆಗಳಲ್ಲಿ, ಹಲವು ಸಲ. ಅದೇ ಮನುಷ್ಯ ಬೆಂಗಳೂರಿನಲ್ಲಿ ರೂಪಿಸಿದ, ಎಚ್‌ಎಎಲ್ 147ರಷ್ಟು ತಯಾರಿಸಿದ, 1971ರ ಯುದ್ಧದಲ್ಲಿ ಹೋರಾಡಿದ ಮಾರುತ್ ಈ ನಾಲ್ವರಲ್ಲಿ ಯಾರ ಪಟ್ಟಿಯಲ್ಲೂ ಎಂದೂ ಬಂದಿಲ್ಲ. ಅವರಿಗೆ ಬೇಡದಿದ್ದರೆ ಬೇಡ, ಅದು ಅವರ ವಿಮಾನವಲ್ಲ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದಾಗ ದೇಶವೆಲ್ಲ ಕಣ್ಣೊರೆಸಿಕೊಂಡಿತು. ಅದರ ಒಳ್ಳೆಯ ಕಿಟ್ಟು ಬೇಕೆಂದರೆ ಚೆಕ್ ದೇಶದ ಎಡ್ವರ್ಡ್ ಕಂಪನಿಯ ಬಾಗಿಲಿಗೆ ಹೋಗಬೇಕು, ಅದೇ ವಿಮಾನವನ್ನು ತಯಾರಿಸಿದ ಎಚ್‌ಎಎಲ್ ಕಾರ್ಖಾನೆ ಕಸಾರಾ ಘಾಟಿನ ಆಚೆ ನಾಸಿಕದ ಓಝರ್‌ನಲ್ಲೇ ಇದ್ದರೂ. ಈಗ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣವೂ 2025ರ ಡಿಸೆಂಬರ್ 25ರಿಂದ ಓಡುತ್ತಿದೆ. ಉಲ್ವೆಯ ಗಚ್ಚಿಯ ಮೇಲೆ ನಿಂತ ಮಕ್ಕಳು ಬಾಲದ ಬುಡದ ಮುರಿದ ಗೆರೆ ನೋಡಿ 737, ಮೂತಿಯ ದುಂಡು ನೋಡಿ ಎ320 ಎಂದು ಗುರುತಿಸಲು ಶುರುಮಾಡಿವೆ. ಆ ಕಣ್ಣುಗಳಿಗೆ ಮುಂದೆ ಏನು ಕೊಡುತ್ತೇವೆ? ಚೀನಾದ ಪುಲ್-ಬ್ಯಾಕ್ ಜೆಟ್ಟಿನ ಬದಲು ಭಾರತದ ಪುಲ್-ಬ್ಯಾಕ್ ಜೆಟ್ಟು?

ಕೇಳಬೇಕಾದದ್ದು ಹೆಚ್ಚೇನಿಲ್ಲ. ಬಿಐಎಸ್ ನಿಯಮ ಇರುವುದೇ 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ವಸ್ತುಗಳಿಗೆ. 14 ದಾಟಿದವರಿಗೆ ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿರುವ ಎಷ್ಟೋ ಕಿಟ್ಟುಗಳನ್ನು ತಡೆಯುವ ಮುಂಚೆ ಅಧಿಕಾರಿ ಆ ಸಾಲು ಓದಲಿ. 9503ರ ಸಾಲಿನಲ್ಲಿ ಆಟಿಕೆಗಳನ್ನು ಬೇರೆಯಾಗಿ, ಮಾದರಿಗಳನ್ನು ಬೇರೆಯಾಗಿಯೇ ಹೆಸರಿಸಿದ್ದಾರೆ, ಹಾಗಾದರೆ ದರವೂ ಬೇರೆಯಾಗಲಿ. ಕನ್ನಡ ಸಂಘಗಳು ರಂಗೋಲಿ ಸ್ಪರ್ಧೆಯ ಪಕ್ಕದಲ್ಲಿ ಒಂದು ಮೇಜು ಹಾಕಿ ದೇವಯ್ಯನವರ ಮಿಸ್ಟೇರನ್ನು ಇಡಿಸಲಿ, ಕೆಳಗೆ ತಾರೀಖು ಬರೆಸಲಿ. ಮತ್ತು ಎಚ್‌ಎಎಲ್. ಬೆಂಗಳೂರಿನ ತನ್ನ ವಸ್ತುಸಂಗ್ರಹಾಲಯದಲ್ಲಿ ಮಾರುತ್ ನಿಲ್ಲಿಸಿ ಟಿಕೆಟ್ ಹರಿಯುವ ಸಂಸ್ಥೆಯ ಬಳಿ ಅದರ ಡ್ರಾಯಿಂಗುಗಳಿರಬೇಕು. ಅರವತ್ತು ವರ್ಷ ಹಳೆಯ, ಸೇವೆಯಿಂದ ಎಂದೋ ನಿವೃತ್ತವಾದ ವಿಮಾನದ ಹೊರಮೈಯ ಅಳತೆಗಳಲ್ಲಿ ಯಾವ ರಾಷ್ಟ್ರರಹಸ್ಯವೂ ಉಳಿದಿಲ್ಲ. ವಾಗ್ಳೆ ಎಸ್ಟೇಟಿನ ಅಚ್ಚಿನವನೊಬ್ಬ ಕೇಳಿಕೊಂಡು ಬಂದರೆ ಅವುಗಳಿಗೆ ಎಷ್ಟು ದರ ಎಂದು ಮೊದಲು ಅದು ಹೇಳಲಿ.